ಹೋಗುವುದು ಖಚಿತ

ಬಸ್ ಟಿಕೆಟಿನ ಆ್ಯಪನ್ನು ಊರ ಮಂದಿಯ ಭಾಷೆಗೆ ತಂದ ಮೇಲೆ ಟಿಕೆಟ್ ಕೊಳ್ಳುವವರು ಇನ್ನೂ ಕಡಿಮೆಯಾದರು. ಅನುವಾದವನ್ನು ಕಂಪ್ಯೂಟರಿಗೇ ವಹಿಸಿದ್ದರಿಂದ ಟಿಕೆಟ್ ಕಾದಿರಿಸುವ ಗುಂಡಿಯ ಮೇಲೆ ‘ಈಗ ಪುಸ್ತಕ’ ಎಂದಿತ್ತು. ಮೊದಲ ಪುಟಕ್ಕೆ ಮರಳುವ ಗುಂಡಿಯ ಹೆಸರು ‘ಮನೆ’. ಮನೆಗೆ ಹೊರಟವರೆಲ್ಲ ಅದನ್ನೇ ಒತ್ತಿ, ತುಂಬಿದ್ದೆಲ್ಲ ಅಳಿಸಿಹೋದ ಮೇಲೆ ಫೋನ್ ಮಾಡಿ ಬೈಯುತ್ತಿದ್ದರು. ಸರಿಮಾಡುವ ಕೆಲಸ ಆ್ಯಪಿನ ಪುಟಗಳನ್ನು ರೂಪಿಸುವ ಡಿಸೈನರಳ ತಲೆಗೆ ಬಂತು.

ತಿದ್ದಿದ ಪುಟಗಳನ್ನು ಫೋನಿಗೆ ಹಾಕಿಕೊಂಡು ಅವಳು ಭಾನುವಾರ ಚಿಕ್ಕಮ್ಮನ ಮನೆಗೆ ಒಯ್ದಳು. ಚಿಕ್ಕಮ್ಮ ಮುಖಸ್ತುತಿ ಮಾಡುವವಳಲ್ಲ. ಕಿಟಕಿ ಪರದೆಗೆ ಅಂಚು ಹೊಲಿಯುತ್ತಿದ್ದವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಫೋನ್ ಈಸಿಕೊಂಡಳು.

“ಎಲ್ಲಿಗೆ ಅಂತ ಕೇಳ್ತಿದೆ.”

“ಯಾವೂರಾದ್ರೂ ಹಾಕು ಚಿಕ್ಕಮ್ಮ. ಬರೀ ಪರೀಕ್ಷೆಗೆ.”

ಚಿಕ್ಕಮ್ಮ ಅಕ್ಕನ ಊರು ಹಾಕಿದಳು. ಅಕ್ಕ ಎಂದರೆ ಡಿಸೈನರಳ ಅಮ್ಮ. ತವರಿನ ಹೊಲಿಗೆ ಮೆಷಿನ್ ಯಾರಿಗೆಂಬ ವಿಚಾರದಲ್ಲಿ ಮಾತಿಗೆ ಮಾತು ಬೆಳೆದು, ಅಕ್ಕತಂಗಿ ಮುಖ ನೋಡುವುದನ್ನೇ ಬಿಟ್ಟು ವರ್ಷಗಳಾಗಿದ್ದವು. ಮೆಷಿನ್ ಕೊನೆಗೆ ಡಿಸೈನರಳ ಸೋದರಮಾವನ ಪಾಲಾಯಿತು. ಜಗಳ ಮಾತ್ರ ಇಬ್ಬರ ಬಳಿಯೂ ಉಳಿಯಿತು.

“ಹೋಗೋದು ಮಾತ್ರನಾ, ಹೋಗಿ ಬರೋದಾ ಅಂತಿದೆ,” ಎಂದಳು ಚಿಕ್ಕಮ್ಮ. “ಅದನ್ನ ಈಗ್ಲೇ ಹೇಗೆ ಹೇಳೋದು? ಅವಳು ಒಳಗೆ ಬಾ ಅಂದ್ರೆ ಒಂದು ಲೆಕ್ಕ, ಬಾಗಿಲಲ್ಲೇ ನಿಲ್ಲಿಸಿದ್ರೆ ಇನ್ನೊಂದು ಲೆಕ್ಕ.”

ಹಾಗೆಂದವಳು ಯಾವುದೋ ಒಂದನ್ನು ಒತ್ತಿ ಕೊನೆಯವರೆಗೂ ಹೋದಳು. “ಬಸ್ಸು ಎಷ್ಟೊತ್ತಿಗೆ?”

“ಇದು ನಿಜವಾದ ಟಿಕೆಟ್ ಅಲ್ಲ ಚಿಕ್ಕಮ್ಮ.”

“ನಾನು ಮನಸ್ಸು ಮಾಡಿಯಾಯ್ತಲ್ಲ.”

ಡಿಸೈನರ್ ನಿಜವಾದ ಟಿಕೆಟ್ ತೆಗೆದಳು.

ಸೋಮವಾರ ಅವಳು ಪುಟಕ್ಕೆ ಮೂರನೆಯದೊಂದು ಆಯ್ಕೆ ಸೇರಿಸಿದಳು: ‘ಹೋಗುವುದು ಖಚಿತ, ಬರುವುದು ಆಮೇಲೆ.’

ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಕೂತ. “ಇದಕ್ಕೂ ಹೋಗೋದು ಮಾತ್ರ ಅನ್ನೋದಕ್ಕೂ ಏನು ವ್ಯತ್ಯಾಸ? ಎರಡರಲ್ಲೂ ಸಿಗೋದು ಒಂದೇ ಟಿಕೆಟ್.”

“ಟಿಕೆಟ್ ಒಂದೇ ಸರ್. ಹೋಗೋರು ಬೇರೆ.”

ಅವನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಒಂದು ಸಾಲು ಸೇರಿಸಲು ಖರ್ಚಿಲ್ಲವಾದ್ದರಿಂದ ಒಪ್ಪಿದ. ತಿಂಗಳು ತುಂಬುವ ಮೊದಲೇ ಅರ್ಧಕ್ಕರ್ಧ ಜನ ಅದನ್ನೇ ಒತ್ತುತ್ತಿದ್ದರು. ಮೇಲಿನವರ ಮುಂದೆ ಮ್ಯಾನೇಜರ್ ಅದನ್ನು ತನ್ನ ಯೋಚನೆಯೆಂದೇ ಹೇಳಿಕೊಂಡ. ಡಿಸೈನರಳಿಗೆ ಅದರ ಚಿಂತೆ ಇರಲಿಲ್ಲ. ಹೋದ ಚಿಕ್ಕಮ್ಮನಿಂದ ಇನ್ನೂ ಒಂದು ಸುದ್ದಿಯಿಲ್ಲ. ತಾನಾಗಿ ಕೇಳಲು ಧೈರ್ಯ ಸಾಲದು.

ಕಡೆಗೆ ಅಮ್ಮನೇ ಫೋನ್ ಮಾಡಿದಳು.

“ಇವಳು ಬಂದಾಗಿಂದ ನನ್ನ ಅಡುಗೆಮನೇಲಿ ಒಂದು ಡಬ್ಬಿನೂ ಇದ್ದಲ್ಲಿಲ್ಲ. ವಾಪಸ್ ಟಿಕೆಟ್ ಮಾಡು.”

ಡಿಸೈನರ್ ಆ್ಯಪ್ ತೆರೆದಳು. “ಒಂದು ತಾನೆ?”

“ಎರಡು. ಇವಳು ಅಲ್ಲಿ ಅಡುಗೆಮನೆ ಹೇಗಿಟ್ಕೊಂಡಿದ್ದಾಳೆ ಅಂತ ನಾನೂ ನೋಡ್ಬೇಕು.”

ಅವಳು ಕೂಡಲೇ ಹುಡುಕಿದಳು. “ಅಕ್ಕಪಕ್ಕದ ಸೀಟಿಲ್ಲ ಅಮ್ಮ. ಒಂದು ಮುಂದೆ, ಒಂದು ಹಿಂದೆ.”

ಅಮ್ಮ ಫೋನಿಗೆ ಕೈ ಅಡ್ಡ ಹಿಡಿದು ಏನೋ ಕೇಳಿದಳು. ಆ ಕಡೆಯಿಂದ ಏನೋ ಉತ್ತರ ಬಂತು.

“ಅದೇ ಒಳ್ಳೇದು ಅಂತಾಳೆ,” ಎಂದಳು ಅಮ್ಮ. “ದಾರಿ ಉದ್ದ ಇದೆಯಲ್ಲ.”