ಕಲ್ಲಂಗಡಿ ಮಾರುವ ಭಾಷೆ

ನನ್ನ ಗಂಡ ಅಟಾಲಿಬಾನಿಗೆ ಭಾಷೆಯೇ ಇಲ್ಲ ಎಂದು ಅವನ ಟೀಚರಮ್ಮ ಓರ್ಫಿಲಿಯಾ ಇಡೀ ತರಗತಿಯ ಮುಂದೆ ಹೇಳಿದ್ದರು. ಆಗ ಅವನಿಗೆ ಒಂಬತ್ತು ವರ್ಷ. "ನಿಂಗೆ ಸ್ಪ್ಯಾನಿಷೂ ಬರಲ್ಲ, ಪೋರ್ಚುಗೀಸೂ ಬರಲ್ಲ. ಎರಡೂ ಕೆಟ್ಟು ಕೆರ ಹಿಡಿದಿದೆ. ನಿಂದು ಭಾಷೇನೇ ಅಲ್ಲ" ಎಂದು ಗೋಡೆ ಗಡಿಯಾರದ ಕೆಳಗೆ ನಿಲ್ಲಿಸಿದರಂತೆ. ಐವತ್ತನಾಲ್ಕು ವರ್ಷವಾಯಿತು. ನನ್ನನ್ನು ಮದುವೆಯಾದ ತಾರೀಖು ಈ ಮಹಾರಾಯನಿಗೆ ನೆನಪಿಲ್ಲ, ಆ ಗಡಿಯಾರದ ಮುಳ್ಳು ಎಲ್ಲಿತ್ತು ಅನ್ನುವುದು ನೆನಪಿದೆ.

ತಮಾಷೆ ನೋಡಿ, ಇವನು ಹೊಟ್ಟೆ ಹೊರೆದದ್ದೆಲ್ಲ ಬಾಯಿಂದಲೇ. ಹಳೇ ಕಾರೊಂದರ ನೆತ್ತಿಗೆ ಎರಡು ಧ್ವನಿವರ್ಧಕ ಕಟ್ಟಿಕೊಂಡು ಊರೆಲ್ಲ ಸಾರುವುದು ಅವನ ಕಸುಬು. ಒಂದರ ಮೂತಿ ಉರುಗ್ವೆಯ ರಿವೇರಾ ಕಡೆಗೆ, ಇನ್ನೊಂದರದು ಬ್ರೆಜಿಲಿನ ಲಿವ್ರಮೆಂತು ಕಡೆಗೆ. ನಡುವೆ ಇರುವುದು ಒಂದು ರಸ್ತೆ, ಅದೇ ಗಡಿ. ಗೇಟಿಲ್ಲ, ಬೇಲಿಯಿಲ್ಲ. ಈಚೆ ಸ್ಪ್ಯಾನಿಷ್, ಆಚೆ ಪೋರ್ಚುಗೀಸ್ ಎಂದು ಪುಸ್ತಕದಲ್ಲಿ ಬರೆದಿದ್ದಾರೆ. ನಾವು ಆಡುವುದು ಎರಡನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿದ್ದು. ನಾನು ಆಚೆಯವಳು, ಅವನು ಈಚೆಯವನು. ಮೂವತ್ತೆಂಟು ವರ್ಷದಿಂದ ಜಗಳವಾಡುತ್ತಿದ್ದೇವೆ, ಮಾತು ಅರ್ಥವಾಗಲಿಲ್ಲ ಎಂದು ಒಂದು ಜಗಳವೂ ಅರ್ಧಕ್ಕೆ ನಿಂತಿಲ್ಲ.

ಕಲ್ಲಂಗಡಿ ಬಂದಿದೆ, ಕಳೆದ ನಾಯಿ ಸಿಕ್ಕಿದೆ, ಶನಿವಾರ ಕುಣಿತವಿದೆ, ಎಲ್ಲವನ್ನೂ ಅಟಾಲಿಬಾ ಈ ಕಲಸುಮಾತಿನಲ್ಲೇ ಸಾರುತ್ತಾನೆ. ಹಿಂದೆ ಅಕಾರ್ಡಿಯನ್ ಬಾರಿಸುವ ಒಂದು ಕ್ಯಾಸೆಟ್ಟು. "ಬನ್ರವ್ವಾ, ಬನ್ರಪ್ಪಾ, ಕೆಂಪಗೆ ಸಕ್ಕರೆ ಅಂಥ ಹಣ್ಣು, ಅತ್ತೆಗೊಂದು ತಗೊಂಡ್ಹೋಗಿ, ಬಾಯಿ ತುಂಬ್ಕೊಂಡಿದ್ರೆ ಬೈಯಲ್ಲ" ಅನ್ನುತ್ತಾನೆ. ಜನ ಚೀಲ ಹಿಡಿದು ಓಡಿ ಬರುತ್ತಾರೆ.

ಸಾವಿನ ಸುದ್ದಿ ಮಾತ್ರ ಬೇರೆ. ಅದಕ್ಕೆ ಮನೆಯವರು ಬರೆದುಕೊಟ್ಟ ಕಾಗದವೇ ಆಗಬೇಕು. ಈಚೆ ಅಚ್ಚ ಸ್ಪ್ಯಾನಿಷ್, ಆಚೆ ಅಚ್ಚ ಪೋರ್ಚುಗೀಸ್, ಜೊತೆಗೆ ಪಿಟೀಲಿನ ಕ್ಯಾಸೆಟ್ಟು. ಸತ್ತವರಿಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕುವುದಿಲ್ಲವೇ, ಹಾಗೆ. ಆ ಪಿಟೀಲು, ಆ ಇಸ್ತ್ರಿ ಮಾತು ಕೇಳಿದರೆ ಸಾಕು, ಎರಡೂ ದೇಶದವರು ರೇಡಿಯೊ ಸದ್ದು ತಗ್ಗಿಸಿ, ಟೋಪಿ ತೆಗೆದು, ಕಪ್ಪು ಅಂಗಿ ಎಲ್ಲಿದೆ ಎಂದು ಹುಡುಕಲು ಶುರುಮಾಡುತ್ತಾರೆ. ಪೂರ್ತಿ ಯಾರೂ ಕೇಳಿಸಿಕೊಳ್ಳುವುದಿಲ್ಲ. ಎಲ್ಲಿ, ಎಷ್ಟು ಹೊತ್ತಿಗೆ ಅನ್ನುವುದು ಕಿವಿಗೆ ಬಿದ್ದರೆ ಮುಗಿಯಿತು.

ಹೀಗಿರುವಾಗ ರಾಜಧಾನಿಯಿಂದ ಮಾಗೆಲಾ ಮೇಡಂ ಬಂದರು. ದೊಡ್ಡ ಓದು ಓದಿದವರು. ನಮ್ಮ ಗಡಿ ಪಾರ್ಕಿನಲ್ಲಿ ಹತ್ತೊಂಬತ್ತು ದೇಶದವರ ಸಮಾವೇಶವಂತೆ. ನಮ್ಮ ಅಡಿಗೆಮನೆಯ ಮೇಜಿನ ಮೇಲೆ ನಕ್ಷೆ ಹಾಸಿದರು. ಮೆಕ್ಸಿಕೋದಿಂದ ಕೆಳಗೆ ಭೂಮಿಯ ತುದಿಯವರೆಗೆ ಹಳದಿ, ಬ್ರೆಜಿಲ್ ಹಸಿರು, ಸಮುದ್ರದಾಚೆ ಸ್ಪೇನ್, ಪೋರ್ಚುಗಲ್ ಎರಡು ಚುಕ್ಕೆ.

"ನಮ್ಮ ಪ್ರದೇಶ ಅಂದ್ರೆ ಇದು. ಬೆಟ್ಟ ನೋಡಿ ಗೆರೆ ಎಳೆದಿಲ್ಲ, ನದಿ ನೋಡಿ ಎಳೆದಿಲ್ಲ. ಈ ಎರಡು ಭಾಷೆಯಲ್ಲಿ ಒಂದು ಇರೋರೆಲ್ಲ ನಮ್ಮೋರು" ಎಂದರು.

"ಹಾಗಾದ್ರೆ ಈ ಒಲೆ ಹಳದಿ, ರಸ್ತೆ ದಾಟಿದ್ರೆ ನಮ್ಮಮ್ಮನ ಒಲೆ ಹಸಿರು" ಎಂದೆ ನಾನು.

ಮೇಡಂ ನಕ್ಕರು. ಅಟಾಲಿಬಾ ನಗಲಿಲ್ಲ. 'ಮಾತೆ' ಅಂತ ನಾವು ಕುಡಿಯುವ ಎಲೆ ಕಷಾಯದ ಸೋರೆ ಬುರುಡೆಗೆ ಬಿಸಿನೀರು ಹೊಯ್ಯುತ್ತಾ ಮೆಲ್ಲಗೆ ಕೇಳಿದ. "ಎರಡರಲ್ಲಿ ಒಂದೂ ಇಲ್ದಿರೋರು?"

"ಅಂಥೋರು ಯಾರಿದಾರೆ?" ಎಂದರು ಮೇಡಂ.

ಅವನು ಬುರುಡೆಯನ್ನು ಮೇಡಂ ಕಡೆ ಸರಿಸಿದ. ಯಾರ ಬಗ್ಗೆ ಕೇಳಿದನೆಂದು ನನಗೆ ಮಾತ್ರ ಗೊತ್ತಿತ್ತು.

ಊರಿಗೆ ಸಾರುವುದು, ಆ ದಿನ ವೇದಿಕೆಯಲ್ಲಿ ಸ್ವಾಗತ ಹೇಳುವುದು, ಎರಡೂ ಅವನ ಪಾಲಿಗೆ ಬಂತು. ಮೇಡಂ ಎರಡು ಕಾಗದ ಕೊಟ್ಟರು. ಸ್ಪ್ಯಾನಿಷಿಗೊಂದು, ಪೋರ್ಚುಗೀಸಿಗೊಂದು. "ದಯವಿಟ್ಟು ಒಂದರೊಳಗೆ ಇನ್ನೊಂದು ಬೆರೆಸಬೇಡಿ. ಹಿಂದೆ ಸಂಗೀತ ಹಾಕೋದಾದ್ರೆ ಸ್ವಲ್ಪ ಗಂಭೀರವಾದದ್ದು ಹಾಕಿ" ಎಂದರು. ಇವನ ಹತ್ತಿರ ಇರುವುದೇ ಎರಡು ಕ್ಯಾಸೆಟ್ಟು.

ಅವತ್ತಿನಿಂದ ಮನೆಯಲ್ಲಿ ಜಪ ಶುರುವಾಯಿತು. ಹಲ್ಲುಜ್ಜುವಾಗ ಸ್ಪ್ಯಾನಿಷ್, ಉಣ್ಣುವಾಗ ಪೋರ್ಚುಗೀಸ್. ನಡುವೆ ಒಂದು ಮಾತು ಕಾಲುಜಾರಿ ಇನ್ನೊಂದರೊಳಗೆ ಬಿದ್ದರೆ ಹಣೆ ಚಚ್ಚಿಕೊಂಡು ಮೊದಲಿಂದ ಓದುತ್ತಿದ್ದ.

"ಯಾಕಯ್ಯಾ ಇಷ್ಟು ಒದ್ದಾಡ್ತೀಯ? ದಿನಾ ಮೈಕಲ್ಲಿ ಮಾತಾಡೋನು ನೀನು" ಎಂದೆ.

"ಅದು ಹಣ್ಣು ಮಾರೋದು ಕಣೇ ಝುಲ್ಮೀರಾ. ಇದು ಬೇರೆ. ಓರ್ಫಿಲಿಯಾ ಟೀಚರಮ್ಮ ಇನ್ನೂ ಗಟ್ಟಿಯಾಗಿದಾರೆ, ಪಾರ್ಕಿನ ಪಕ್ಕದಲ್ಲೇ ಮನೆ, ಬರ್ತಾರೆ. ಅವರೆದುರಿಗೆ ಒಂದೇ ಒಂದು ಸಲ ತಪ್ಪಿಲ್ದೆ ಹೇಳಿಬಿಟ್ರೆ ಸಾಕು. ನಾನೂ ಆ ನಕ್ಷೆ ಒಳಗೆ ಬಂದ ಹಾಗೆ."

ಅರವತ್ತಮೂರು ವರ್ಷದ ಗಂಡಸು, ಮೊಮ್ಮಕ್ಕಳಿರುವವನು, ಹೀಗೆ ಹೇಳಿದರೆ ಹೆಂಡತಿ ಏನು ಮಾಡಬೇಕು? ಅವನ ಬಿಳಿ ಅಂಗಿಗೆ ಗಂಜಿ ಹಾಕಿದೆ. ಒಳಗೊಳಗೇ ಆ ಮುದುಕಿಯನ್ನು ಬೈದೆ.

ಗುರುವಾರದಿಂದ ಮೂರು ದಿನ ಸಾರಿದ. ಕಾಗದದಿಂದ ಕಣ್ಣೆತ್ತದೆ, ಇರುವೆ ನಡೆದಂತೆ ಕಾರು ಓಡಿಸುತ್ತಾ, ಹಿಂದೆ ಪಿಟೀಲು. ಶನಿವಾರ ಪಕ್ಕದ ಮನೆಯ ನೆಲ್ಸೀಡಾ ಬೇಲಿಯ ಮೇಲಿಂದ ಕತ್ತು ಚಾಚಿದಳು.

"ಹತ್ತೊಂಬತ್ತು ದೇಶದೋರು ಬರ್ತಾರಂತಲ್ಲ. ತುಂಬಾ ದೊಡ್ಡ ಮನುಷ್ಯರೇ ಇರ್ಬೇಕು."

"ದೊಡ್ಡೋರೇ" ಎಂದೆ, ಬರುವ ಅತಿಥಿಗಳ ಬಗ್ಗೆ ಹೇಳುತ್ತಿದ್ದಾಳೆ ಎಂದುಕೊಂಡು.

"ಪಾಪ" ಎಂದು ಲೊಚಗುಟ್ಟಿ ಒಳಗೆ ಹೋದಳು. ಆಗಲಾದರೂ ನನ್ನ ಮಂಡೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಭಾನುವಾರ ನಾಲ್ಕು ಗಂಟೆಗೆ ಪಾರ್ಕಿಗೆ ಹೋದರೆ ಕಾಲಿಡಲು ಜಾಗವಿಲ್ಲ. ಎರಡೂ ಊರು ಬಂದಿತ್ತು. ಎಲ್ಲರೂ ಕಪ್ಪು ಬಟ್ಟೆಯಲ್ಲಿ. ಗಂಡಸರು ಟೋಪಿ ಕೈಯಲ್ಲಿ ಹಿಡಿದಿದ್ದರು, ಹೆಂಗಸರು ಕರವಸ್ತ್ರ ಹಿಡಿದಿದ್ದರು. ಕಸಾಯಿ ಅಂಗಡಿಯ ನೀಲೋ ಮೂರಡಿ ಅಗಲದ ಶೋಕದ ಹೂಚಕ್ರ ಹೊತ್ತು ತಂದಿದ್ದ. ಶವ ಎಲ್ಲೂ ಕಾಣದ್ದರಿಂದ ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ವೇದಿಕೆಯ ಮೇಲಿದ್ದ ಪೆರುವಿನ ಹಿರಿಯರೊಬ್ಬರ ಕೈಗಿತ್ತ. ಅವರಿಗೆ ಆನಂದವೋ ಆನಂದ. ಹೂಚಕ್ರ ಎದೆಗವಚಿಕೊಂಡು ಫೋಟೋ ತೆಗೆಸಿಕೊಂಡರು.

"ನಿಮ್ಮೂರಿನ ಜನ ಎಷ್ಟು ಮರ್ಯಾದಸ್ಥರು" ಎಂದರು ಮಾಗೆಲಾ ಮೇಡಂ, ನನ್ನ ಕಿವಿಯಲ್ಲಿ. ನನಗೆ ಆಗ ಎಲ್ಲ ಅರ್ಥವಾಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು, ಜೊತೆಗೆ ನಗು ಬೇರೆ ಒತ್ತರಿಸಿ ಬರುತ್ತಿತ್ತು. ಅಟಾಲಿಬಾನಿಗೆ ಹೇಳೋಣವೆಂದರೆ ಅವನು ಆಗಲೇ ಮೈಕಿನ ಮುಂದೆ ನಿಂತಿದ್ದ. ಮೊದಲ ಸಾಲಿನಲ್ಲಿ ಓರ್ಫಿಲಿಯಾ ಟೀಚರಮ್ಮ, ಎಂಬತ್ತೆಂಟು ವರ್ಷ, ಬೆನ್ನು ಇನ್ನೂ ನೆಟ್ಟಗೆ, ತೊಡೆಯ ಮೇಲೆ ಬಿಳಿ ಹೂವಿನ ಗೊಂಚಲು.

"ಗೌರವಾನ್ವಿತ ನಾಗರಿಕ ಬಂಧುಗಳೇ" ಎಂದು ಅಚ್ಚ ಸ್ಪ್ಯಾನಿಷಿನಲ್ಲಿ ಶುರುಮಾಡಿದ. "ಇಂದು ನಾವೆಲ್ಲರೂ ಇಲ್ಲಿ ನೆರೆದಿರುವ ಈ ಸಂದರ್ಭದಲ್ಲಿ..."

ಇಡೀ ಪಾರ್ಕು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಿತು. ನೆಲ್ಸೀಡಾ ಬಿಕ್ಕಿದಳು.

ಅಟಾಲಿಬಾ ನಿಲ್ಲಿಸಿದ. ಕಾಗದ ನೋಡಿದ, ಜನರನ್ನು ನೋಡಿದ, ಪೆರುವಿನವರ ಎದೆಯ ಮೇಲಿದ್ದ ಹೂಚಕ್ರ ನೋಡಿದ. ಮುಖ ಸುಣ್ಣದಂತಾಯಿತು. ಆಮೇಲೆ ಕಣ್ಣಲ್ಲೇ ನನ್ನನ್ನು ಹುಡುಕಿದ. ಒಂಬತ್ತು ವರ್ಷದ ಹುಡುಗ ಗಡಿಯಾರದ ಕೆಳಗೆ ಮತ್ತೆ ನಿಂತಿದ್ದ. ನನಗೆ ತಡೆಯಲಾಗಲಿಲ್ಲ.

"ಸತ್ತೋರು ಯಾರು ಅಂತ ಹೇಳಿಬಿಡಯ್ಯಾ, ಜನ ಕಾಯ್ತಿದಾರೆ" ಎಂದು ಕೂಗಿದೆ.

ಅವನು ಕಾಗದವೆರಡನ್ನೂ ನಾಲ್ಕು ಮಡಿಕೆ ಮಾಡಿ ಗಂಜಿ ಹಾಕಿದ ಅಂಗಿಯ ಜೇಬಿಗೆ ಇಳಿಸಿದ.

"ಕೇಳ್ರವ್ವಾ, ಕೇಳ್ರಪ್ಪಾ" ಎಂದ, ಕಲ್ಲಂಗಡಿಯ ದನಿಯಲ್ಲಿ. "ಯಾರೂ ಸತ್ತಿಲ್ಲ. ಎಲ್ರೂ ಚೆನ್ನಾಗಿದಾರೆ. ತಪ್ಪು ನಂದು, ಪಿಟೀಲಿಂದು. ನೀಲೋ, ಆ ಹೂವು ವಾಪಸ್ ಕೇಳ್ಬೇಡ, ಅವರು ದೂರದಿಂದ ಬಂದಿದಾರೆ. ನೆಲ್ಸೀಡಾ, ಕಣ್ಣೊರೆಸ್ಕೋ ತಾಯಿ, ಆ ಕಣ್ಣೀರು ಇನ್ನೊಂದಿನಕ್ಕೆ ಬೇಕಾಗುತ್ತೆ."

ಮೊದಲು ಹಿಂದಿನ ಸಾಲಿನವರು ನಕ್ಕರು, ಆಮೇಲೆ ಪಾರ್ಕೇ ನಕ್ಕಿತು. ಅವನು ಅತಿಥಿಗಳ ಕಡೆ ತಿರುಗಿದ.

"ಸ್ವಾಮಿ, ನಿಮ್ಮಲ್ಲಿ ಕೆಲವರದು ಆ ಭಾಷೆ, ಕೆಲವರದು ಈ ಭಾಷೆ. ನಾನು ಒಂದು ವಾರದಿಂದ ಎರಡನ್ನೂ ಬೇರೆ ಬೇರೆ ಬಕೆಟ್ಟಲ್ಲಿ ಒಗೀತಿದೀನಿ. ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತಾನೇ ಇದೆ. ನಮ್ಮೂರಿನ ನೀರೇ ಹಾಗೆ. ಬನ್ನಿ, ಕೂತ್ಕೊಳ್ಳಿ, ಉಂಡು ಹೋಗಿ. ರಸ್ತೆ ಆಚೆ ಹುರುಳಿಕಾಯಿ ಬೀಜದ ಸಾರಿದೆ, ಈಚೆ ಕೆಂಡದ ಮಾಂಸ ಇದೆ. ಎರಡೂ ಕಡೆ ತಿನ್ನದೆ ಹೋದ್ರೆ ಎರಡೂ ಕಡೆಯೋರು ಬೈತಾರೆ."

ಅತಿಥಿಗಳಿಗೆ ಅನುವಾದ ಕೇಳಲು ಕಿವಿಗೆ ಸಿಕ್ಕಿಸುವ ಯಂತ್ರ ಕೊಟ್ಟಿದ್ದರು. ಮೊದಲು ಪೋರ್ಚುಗಲ್ಲಿನ ಹೆಂಗಸೊಬ್ಬರು ಅದನ್ನು ಕಿತ್ತು ಮಡಿಲಲ್ಲಿಟ್ಟರು. ಆಮೇಲೆ ಮೆಕ್ಸಿಕೋದವರು. ಆಮೇಲೆ ಎಲ್ಲರೂ. ಗಾಜಿನ ಪೆಟ್ಟಿಗೆಯೊಳಗಿದ್ದ ಅನುವಾದಕ ಮೈಕು ಆರಿಸಿ ಫ್ಲಾಸ್ಕಿನಿಂದ ಮಾತೆ ಕಷಾಯಕ್ಕೆ ನೀರು ಬಗ್ಗಿಸಿಕೊಂಡು ಕೂತ. ಅಟಾಲಿಬಾ ಕಾಲು ಗಂಟೆ ಮಾತಾಡಿದ. ನನ್ನ ಅಡಿಗೆಯನ್ನೂ ಬಿಡದೆ ಆಡಿಕೊಂಡ. ಹತ್ತೊಂಬತ್ತು ದೇಶದವರೂ ಊರಿನವರ ಜೊತೆಗೇ, ಹಿಂದೆ ಬೀಳದೆ, ನಕ್ಕರು. ನನಗೆ ಹೆಮ್ಮೆಯಾಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

"ನಕ್ಷೆಯ ಗೆರೆ ಅಗಲ ಮಾಡ್ಬೇಕು, ಒಂದು ಊರು ಹಿಡಿಸೋಷ್ಟು" ಎಂದರು ಮಾಗೆಲಾ ಮೇಡಂ, ಕಣ್ಣಲ್ಲಿ ನಗೆಯ ನೀರು ಒರೆಸಿಕೊಳ್ಳುತ್ತಾ.

ಅವನು ಕೆಳಗಿಳಿದಾಗ ಮೆಟ್ಟಿಲ ಹತ್ತಿರ ಓರ್ಫಿಲಿಯಾ ಟೀಚರಮ್ಮ ಕೋಲೂರಿ ನಿಂತಿದ್ದರು. ಅವನ ನಗು ಅಲ್ಲೇ ಆರಿತು. ಕೈ ಕಟ್ಟಿ ನಿಂತ.

"ಒಂದನ್ನೂ ಸರಿಯಾಗಿ ಮಾತಾಡಲಿಲ್ಲ ನೀನು" ಎಂದರು.

"ಇಲ್ಲ ಟೀಚರಮ್ಮ."

"ನಾನು ಪೂರ್ತಿ ಕೇಳಿಸ್ಕೊಂಡೆ. ಒಂದು ಮಾತೂ ಬಿಡಲಿಲ್ಲ." ಕೈಯಲ್ಲಿದ್ದ ಹೂವನ್ನು ಅವನ ಎದೆಗೆ ಒತ್ತಿದರು. "ಸತ್ತೋರು ಯಾರೂ ಇಲ್ವಲ್ಲ, ನೀನೇ ಇಟ್ಕೋ. ಇನ್ನೊಂದು ಮಾತು. ನಾನು ಹೋದಾಗ ಆ ಕಾಗದದ ಭಾಷೇಲಿ ಕೂಗ್ಬೇಡ ಕಣೋ ಅಟಾಲಿಬಾ. ಈ ಕಲ್ಲಂಗಡಿ ಭಾಷೇಲೇ ಕೂಗು."

"ಜನ ಹಣ್ಣು ಅಂದ್ಕೊಂಡು ಚೀಲ ಹಿಡ್ಕೊಂಡು ಬಂದ್ಬಿಡ್ತಾರೆ ಟೀಚರಮ್ಮ" ಎಂದೆ ನಾನು.

"ಬರಲಿ ಬಿಡಮ್ಮ" ಎಂದರು ಮುದುಕಿ. "ಓಡಿ ಬರ್ತಾರಲ್ಲ."