ಬಾಣಂತಿ ಕೋಣೆಯ ರೈಲು

ಗುಬ್ಬಿಯ ನರಸಿಂಹಯ್ಯನವರಿಗೆ ರೈಲಿನ ಹುಚ್ಚು. ದಿನಾ ತುಮಕೂರಿನ ಆಫೀಸಿಗೆ ರೈಲಿನಲ್ಲೇ ಹೋಗಿಬರುವ ಗುಮಾಸ್ತರು. ಅದು ಸಾಲದೆಂದು ಮನೆಯಲ್ಲೂ ಒಂದು ಬೇಕಾಯಿತು. ಬೆಂಗಳೂರಿನಿಂದ ಶೆಲ್ ಹಾಕಿದರೆ ಓಡುವ ಪುಟ್ಟ ರೈಲನ್ನು ಹಳಿಸಮೇತ ತಂದರು. ರೈಲು ಬಂದಮೇಲೆ ಅದಕ್ಕೊಂದು ಊರು ಬೇಡವೇ? ಹಿಂದಿನ ಕೋಣೆಯ ಮೇಲೆ ಕಣ್ಣು ಬಿತ್ತು.

“ಆ ಕೋಣೆ ಉಮಾಗೆ. ಚೊಚ್ಚಲ ಬಾಣಂತನ. ನಿಮ್ಮ ಆಟದ್ ಸಾಮಾನು ಅಲ್ಲಿ ಬ್ಯಾಡ,” ಎಂದರು ಹೆಂಡತಿ ರಂಗಲಕ್ಷ್ಮಮ್ಮ.

ನರಸಿಂಹಯ್ಯ ಬೇರೆ ದಾರಿ ಹಿಡಿದರು. ಹಲಗೆಗಳನ್ನು ಒಂದೊಂದಾಗಿ ಒಳಗೆ ಸಾಗಿಸಿ, ಅಲ್ಲೇ ಮೊಳೆ ಹೊಡೆದು, ಬಾಗಿಲಿಗಿಂತ ಅಗಲವಾದ ಮೇಜು ಮಾಡಿದರು. ಹಳೇ ಪೇಪರನ್ನು ಗಂಜಿಯಲ್ಲಿ ನೆನೆಸಿ ಗುಡ್ಡ, ಬಣ್ಣ ಹಚ್ಚಿದ ಮರದ ಹೊಟ್ಟಿನ ಹುಲ್ಲು, ಬೆಂಕಿಪೊಟ್ಟಣದ ಸ್ಟೇಷನ್ನು. ಒಂದು ತಿರುವಿನಲ್ಲಿ ಮಾತ್ರ ಇಂಜಿನ್ನು ಮಗ್ಗುಲಾಗುತ್ತಿತ್ತು. ಅದನ್ನು ಸರಿಪಡಿಸುವ ಮೊದಲೇ ಮಗಳು ಉಮಾ ಬಂದಳು, ಬಾಣಂತನಕ್ಕೆಂದು ಕುಣಿಗಲ್ಲಿನಿಂದ ನರಸಿಂಹಯ್ಯನವರ ಅತ್ತೆ ದೊಡ್ಡಗಂಗಮ್ಮನೂ ಬಂದರು.

“ಮೇಜು ಬಾಗಿಲಲ್ಲಿ ಹಿಡಿಯಾಕಿಲ್ಲ ಕಣೇ. ಉಮಾನ ನಡುಮನೇಲಿ ಮಲಗ್ಸಣ,” ಎಂದರು ನರಸಿಂಹಯ್ಯ, ಬಂದ ನಗುವನ್ನು ನುಂಗಿಕೊಂಡು.

ರಂಗಲಕ್ಷ್ಮಮ್ಮ ಮೇಜು ನೋಡಿದರು, ಬಾಗಿಲು ನೋಡಿದರು, ಗಂಡನ ಮುಖ ನೋಡಿದರು. “ಇರ್ಲಿ ಬುಡಿ. ಗೋಡೆಗ್ ತಳ್ಳಿದ್ರೆ ಮಂಚ ಹಿಡಿಸ್ತದೆ.”

ಗೆದ್ದೆ ಎಂದುಕೊಂಡರು ನರಸಿಂಹಯ್ಯ.

ಗಂಡುಮಗುವಾಯಿತು. ತಾಯಿ, ಮಗು ಆ ಕೋಣೆ ಸೇರಿದರು. ಸಂಜೆ ಆಫೀಸಿನಿಂದ ಬಂದವರೇ ಸೀದಾ ಒಳಗೆ ಹೊರಟ ನರಸಿಂಹಯ್ಯನವರನ್ನು ದೊಡ್ಡಗಂಗಮ್ಮ ಹೊಸಿಲಲ್ಲೇ ತಡೆದರು.

“ಎಲ್ಲಿಗ್ ನುಗ್ತೀರಿ ಅಳಿಯಂದ್ರೆ? ಪುರುಡು ಕಳಿಯೋಗಂಟ ಗಂಡಸ್ರು ಒಳಕ್ ಕಾಲಿಡಂಗಿಲ್ಲ.”

ಮೇಜಿನ ಅಗಲ, ಬಾಗಿಲಿನ ಅಗಲ ಎಲ್ಲ ಅಳೆದಿದ್ದ ಮಹಾಶಯರಿಗೆ ಇದು ಹೊಳೆದೇ ಇರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಜಗಲಿಯಲ್ಲಿ ಕೂತರು.

ಮಾರನೆಯ ಸಂಜೆ ಒಳಗಿನಿಂದ ಕಟಕಟ ಸದ್ದು, ಹೆಂಗಸರ ನಗು. ನರಸಿಂಹಯ್ಯ ಓಡಿಬಂದು ಬಾಗಿಲಿಗೆ ಕಿವಿಯಿಟ್ಟರು.

“ಯಾರೇ ಓಡಿಸ್ತಿರೋದು?”

“ನಮ್ಮವ್ವ,” ಎಂದರು ರಂಗಲಕ್ಷ್ಮಮ್ಮ ಒಳಗಿನಿಂದ.

“ತಿರುವಿನತ್ರ ಹುಷಾರು! ಬೀಳ್ತದೆ!”

“ಬಿದ್ರೆ ಎತ್ತಿಕ್ತೀವಿ, ಸುಮ್ಕಿರಿ ಅಳಿಯಂದ್ರೆ,” ಎಂದರು ದೊಡ್ಡಗಂಗಮ್ಮ.

ಹೊಟ್ಟೆ ಉರಿದುಹೋಯಿತು. ಊರು ಕಟ್ಟಿದವರು ಹೊರಗೆ, ಆಟದ ಸಾಮಾನು ಎಂದವರು ಒಳಗೆ! ಅಷ್ಟರಲ್ಲಿ ಸದ್ದು ನಿಧಾನವಾಗಿ ನಿಂತಿತು, ಮಗು ಕಿಟಾರನೆ ಕಿರುಚಿಕೊಂಡಿತು. ಬಾಗಿಲು ಇಷ್ಟೇ ಇಷ್ಟು ತೆರೆದು ರಂಗಲಕ್ಷ್ಮಮ್ಮ ಮೂತಿ ತೋರಿಸಿದರು.

“ಶೆಲ್ ಮುಗುದ್ವು. ರೈಲು ಓಡಿದ್ರೇನೇ ಕೂಸು ಸುಮ್ಕಿರದು. ಬೇಗ ತನ್ನಿ.”

“ತಂದ್ಕೊಟ್ರೆ ಬಾಗಿಲ್ ಸಂದೀಲಿ ಒಂಚೂರು ತೋರಿಸ್ತೀಯಾ?”

“ಏನ್ನ? ಮೊಮ್ಮಗನ್ನಾ, ರೈಲನ್ನಾ?”

ನರಸಿಂಹಯ್ಯ ಒಂದು ಗಳಿಗೆ ಯೋಚಿಸಿದರು. ಆ ಒಂದು ಗಳಿಗೆಯೇ ಸಾಕಾಯಿತು. ಬಾಗಿಲು ಮುಚ್ಚಿಕೊಂಡಿತು.