ಜಯನ ಪಾಲಿನ ಅರ್ಧ

ಕಾಂತರಾಜ್ ಸಿಗರೇಟನ್ನು ಎಂದೂ ಪೂರ್ತಿ ಸೇದಿದವನಲ್ಲ. ಹಾಗಂತ ಅವನನ್ನು ಮಿತವಾಗಿ ಸೇದುವ ಮನುಷ್ಯ ಎಂದುಕೊಂಡರೆ ತಪ್ಪು. ದಿನವಿಡೀ ಹೊಗೆಯಾಡುತ್ತಿದ್ದ, ಆದರೆ ಎಲ್ಲವೂ ಅರ್ಧರ್ಧ.

ಇದು ಭದ್ರಾವತಿಯ ಕಾಗದದ ಕಾರ್ಖಾನೆ ಕಲಿಸಿದ ಪಾಠ. ಅಲ್ಲಿ ಅವನೂ ಜಯಕುಮಾರನೂ ಒಂದೇ ಪಾಳಿ, ಒಂದೇ ಮಿಷನ್ನು. ಸುತ್ತಲೂ ಕಾಗದ, ಹಾಗಾಗಿ ಬೆಂಕಿಪೊಟ್ಟಣ, ಬೀಡಿ, ಸಿಗರೇಟು ಏನಿದ್ದರೂ ಗೇಟಿನ ಕಾವಲುಗಾರನ ತಗಡಿನ ಡಬ್ಬಕ್ಕೆ ಹಾಕಿಯೇ ಒಳಗೆ ಹೋಗಬೇಕಿತ್ತು. ಮಿಷನ್ನು ನಿಲ್ಲುವ ಜಾತಿಯದ್ದಲ್ಲ, ಇಬ್ಬರಲ್ಲಿ ಒಬ್ಬರು ಅದರ ಪಕ್ಕ ಇರಲೇಬೇಕು. ಕಾಂತರಾಜ್ ಮೊದಲು ಹೊರಗೆ ಹೋಗಿ, ಗೇಟಿನಾಚೆಯ ಹೊಂಗೆ ಮರದ ಕೆಳಗೆ ಅರ್ಧ ಸೇದಿ, ತುದಿಯನ್ನು ಒತ್ತಿ ಆರಿಸಿ, ಉಳಿದರ್ಧವನ್ನು ಡಬ್ಬದಲ್ಲಿಟ್ಟು ಓಡಿ ಬರುತ್ತಿದ್ದ. ಆಮೇಲೆ ಜಯಕುಮಾರ ಹೋಗಿ ಅದನ್ನು ಮುಗಿಸುತ್ತಿದ್ದ. ಹೆಚ್ಚುಕಮ್ಮಿ ಒಂದು ಆಯುಷ್ಯದಷ್ಟು ಕಾಲ ಹೀಗೆ ಒಂದೇ ಸಿಗರೇಟು ಹಂಚಿಕೊಂಡರೂ ಇಬ್ಬರೂ ಒಟ್ಟಿಗೆ ಕೂತು ಸೇದಿದ್ದು ಕಾರ್ಖಾನೆ ಮುಚ್ಚಿದ ಮೇಲೆಯೇ.

ಕಾರ್ಖಾನೆ ಮುಚ್ಚಿತು. ಜಯಕುಮಾರ ಕಾಗದನಗರದ ಹಳೆಯ ಕ್ವಾರ್ಟರ್ಸಿನಲ್ಲೇ ಉಳಿದ. ಕಾಂತರಾಜ್ ಶಿವಮೊಗ್ಗಕ್ಕೆ ಬಂದು ಗೋಪಾಳದಲ್ಲಿ ಬಾಡಿಗೆ ಮನೆ ಹಿಡಿದು, ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಕೆಲಸಕ್ಕೆ ಸೇರಿಕೊಂಡ. ಆದರೆ ಭಾನುವಾರ ಬೆಳಗಾದರೆ ಭದ್ರಾವತಿ ಬಸ್ಸು ಹತ್ತಿದನೆಂದೇ ಅರ್ಥ. ಗೆಳೆಯನ ಜಗಲಿಯಲ್ಲಿ ಕೂತು ಮೊದಲರ್ಧ ತಾನು, ಉಳಿದರ್ಧ ಜಯ. ಆ ಜಗಲಿಯ ಎರಡು ಗಂಟೆ ಅವನ ಪಾಲಿಗೆ ವಾರದ ಉಳಿದೆಲ್ಲ ದಿನಗಳಿಗಿಂತ ದೊಡ್ಡದಾಗಿತ್ತು.

ಜಯಕುಮಾರನ ಶ್ವಾಸಕೋಶ ಕೈಕೊಟ್ಟಿತು. ಮನೆಗೆ ಆಕ್ಸಿಜನ್ ಮಿಷನ್ ಬಂತು. ಅದು ಬಂದ ಮೇಲೂ ಒಂದು ಭಾನುವಾರ, ಹೆಂಡತಿ ಮಧುಶ್ರೀ ತರಕಾರಿಗೆ ಹೋದ ಹೊತ್ತು ನೋಡಿ, "ಒಂದೇ ಒಂದು ದಮ್ಮು ಕೊಡೋ ಮಾರಾಯ" ಎಂದು ಜಯಕುಮಾರ ಗೋಗರೆದ. ಕಾಂತರಾಜನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ ಉಳಿದರ್ಧ ಕೊಟ್ಟ. ಸಂಜೆಗೆ ಜಯಕುಮಾರ ಆಸ್ಪತ್ರೆಯಲ್ಲಿದ್ದ.

ಅವನು ಮನೆಗೆ ವಾಪಸ್ಸಾದ ಮೇಲಿನ ಮೊದಲ ಭಾನುವಾರ ಮಧುಶ್ರೀ ಬಾಗಿಲಿಗೆ ಅಡ್ಡ ನಿಂತಳು.

"ಕಾಂತಣ್ಣ, ಬೇಜಾರ್ ಮಾಡ್ಕೋಬೇಡಿ. ಸಿಗರೇಟ್ ಸೇದೋ ಕೈ ಇನ್ಮೇಲೆ ಈ ಮನೆ ಒಳಗೆ ಬರೋ ಹಂಗಿಲ್ಲ."

"ಒಂದ್ಸಲ ಮುಖ ನೋಡ್ಕೊಂಡು ಹೋಗ್ತೀನಿ ಮಧು. ಸೇದಲ್ಲ, ದೇವ್ರಾಣೆ."

"ಬಿಟ್ಟು ಬನ್ನಿ. ಆಮೇಲೆ ದಿನಾ ಬನ್ನಿ ಬೇಕಾದ್ರೆ."

ಕಾಂತರಾಜನಿಗೆ ಉರಿದುಹೋಯಿತು. ಯಾರ ಗೆಳೆಯ, ಯಾರ ಬಾಗಿಲು! ಆದರೆ ತಪ್ಪು ತನ್ನದೇ ಎಂದು ಗೊತ್ತಿದ್ದ ಸಿಟ್ಟಿಗೆ ನಿಲ್ಲಲು ಕಾಲಿರುವುದಿಲ್ಲ. ಮುಂದಿನ ವಾರ ತಲೆಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಬಾಯಿ ತುಂಬ ಏಲಕ್ಕಿ ಜಗಿಯುತ್ತಾ ಹೋದ. ಮಧುಶ್ರೀ "ಕೈ ಕೊಡಿ" ಎಂದಳು. ಬೆರಳು ಮೂಸಿದಳು. ಬಾಗಿಲು ಹಾಕಿಕೊಂಡಳು. ಆಮೇಲಿನ ಎರಡು ಮೂರು ಭಾನುವಾರವೂ ಅದೇ ಕತೆ. ಫೋನಿಗೆ ಜಯಕುಮಾರ ಸಿಗುತ್ತಿರಲಿಲ್ಲ. ಮಾತಾಡಿದರೆ ಉಸಿರು ಕಟ್ಟುತ್ತದೆಂದು ಮಧುಶ್ರೀಯೇ ಎತ್ತುತ್ತಿದ್ದಳು.

ಪ್ರೆಸ್ಸಿನ ಎದುರಿನ ಗೂಡಂಗಡಿಯಲ್ಲಿ ನಿಂತು ಸೇದುವಾಗಲೂ ಅವನಿಗೆ ಅರ್ಧದಾಚೆ ಹೋಗಲು ಆಗುತ್ತಿರಲಿಲ್ಲ. ತುದಿ ಒತ್ತಿ ಆರಿಸಿ ಪ್ಯಾಕಿಗೆ ಹಾಕುತ್ತಿದ್ದ. ಪ್ಯಾಕಿನ ತುಂಬ ಜಯನ ಅರ್ಧಗಳು. ಮುಗಿಸುವವನು ಇಲ್ಲ, ಬಿಸಾಕಲು ಮನಸ್ಸಿಲ್ಲ.

ಬಿಡಲು ಒಂದು ವಾರ ಸುಮ್ಮನೆ ಹಲ್ಲು ಕಚ್ಚಿ ನೋಡಿದ. ತಲೆನೋವು, ನಿದ್ದೆಯಿಲ್ಲ, ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾದರೆ ರಾದ್ಧಾಂತ. ಹೆಂಡತಿ ಹೇಮಶ್ರೀ ಅದನ್ನೆಲ್ಲ ಸಹಿಸಿದಳು. ಅವನು ಕಾಗದ ಕತ್ತರಿಸುವ ಕತ್ತಿಯ ಕೆಳಗೆ ಬೆರಳಿಡುವಷ್ಟು ಮೈಮರೆತನೆಂದು ಪ್ರೆಸ್ಸಿನವರು ಹೇಳಿದ ದಿನ ಮಾತ್ರ ಸಹಿಸಲಿಲ್ಲ.

"ಹಠ ಸಾಕು ರೀ. ಇದಕ್ಕೂ ಔಷಧಿ ಇದೆಯಂತೆ, ಆಸ್ಪತ್ರೇಲಿ ಕೊಡ್ತಾರಂತೆ. ನಡೀರಿ."

ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿ ಬರೆದುಕೊಟ್ಟರು. ತೋಳಿಗೆ ಅಂಟಿಸುವ ಪಟ್ಟಿ, ಆಸೆ ಕೆರಳಿದಾಗ ಬಾಯಿಗೆ ಹಾಕಲು ನಿಕೋಟಿನ್ ಗಮ್. ಸಲಹೆ ಕೊಡುವ ಹುಡುಗಿಯ ಹೆಸರು ಸ್ಫೂರ್ತಿ. ಅವಳು ನಿಧಾನವಾಗಿ ಹೇಳಿದಳು: "ನಿಮ್ಮನ್ನ ಹಾಳು ಮಾಡ್ತಿರೋದು ಹೊಗೆ ಅಂಕಲ್. ಆದ್ರೆ ಮತ್ತೆ ಮತ್ತೆ ಕರೀತಿರೋದು ನಿಕೋಟಿನ್. ಇದು ಹೊಗೆ ಇಲ್ದೆ ಅದನ್ನ ಸ್ವಲ್ಪ ಸ್ವಲ್ಪ ಕೊಡುತ್ತೆ. ಆಮೇಲೆ ಇದನ್ನೂ ಕಮ್ಮಿ ಮಾಡ್ತಾ ಹೋಗಿ ನಿಲ್ಲಿಸ್ತೀವಿ." ಗಮ್ ಅಗಿಯುವ ಕ್ರಮವನ್ನೂ ಹೇಳಹೊರಟಾಗ ಕಾಂತರಾಜ್ ನಕ್ಕುಬಿಟ್ಟ. "ಅಗಿಯೋದನ್ನ ನಮಗೆ ಹೇಳ್ಕೊಡ್ಬೇಕಾ ಮೇಡಂ? ಅಡಿಕೆ ತಿಂದೇ ಬೆಳೆದೋರು ನಾವು" ಎಂದು ಎದ್ದು ಬಂದ.

ಅಡಿಕೆ ತಿಂದು ಬೆಳೆದವರು ಗಮ್ಮನ್ನು ಹೇಗೆ ಅಗಿಯುತ್ತಾರೋ ಹಾಗೇ ಅಗಿದ. ದವಡೆ ತುಂಬ ಜೋರಾಗಿ ಅರೆದು, ಮೊದಲ ರಸ ಪಿಚಕ್ಕೆಂದು ಉಗಿದು, ಎರಡನೆಯದ್ದನ್ನು ನುಂಗಿದ. ಗಂಟಲು ಉರಿ, ಎದೆ ಉರಿ, ಬಿಕ್ಕಳಿಕೆ. ಆಸೆ ಮಾತ್ರ ಇದ್ದ ಹಾಗೇ ಇತ್ತು. ನಾಲ್ಕನೆಯ ದಿನ ಗೂಡಂಗಡಿಗೆ ಹೋಗಿ ಸಿಗರೇಟು ಹಚ್ಚಿದ. ಅರ್ಧಕ್ಕೆ ಬಂದಾಗ ಜಯನ ಮುಖ ಕಣ್ಣಿಗೆ ಕಟ್ಟಿತು. ಇನ್ನು ಆ ಮುಖವನ್ನು ನೋಡುವುದು ಅವನು ಚಟ್ಟ ಏರಿದ ಮೇಲೆಯೇ ಏನೋ ಎನಿಸಿ, ಅಂಗಡಿಯ ಮುಂದೆಯೇ ಅವನಿಗೆ ಅಳು ಬಂತು.

ಮತ್ತೆ ಆಸ್ಪತ್ರೆಗೆ ಹೋಗಿ ಬಿಕ್ಕಳಿಕೆಯ ಕತೆ ಹೇಳಿದ. ಸ್ಫೂರ್ತಿ ಬೈಯಲಿಲ್ಲ. "ಉಗಿದ್ರೆ ಔಷಧಿ ನೆಲಕ್ಕೆ ಹೋಯ್ತು, ನುಂಗಿದ್ರೆ ಹೊಟ್ಟೆಗೆ ಹೋಯ್ತು. ಅದು ಸೇರ್ಬೇಕಾಗಿರೋದು ಬಾಯಿಯ ಚರ್ಮದಿಂದ. ನಿಧಾನಕ್ಕೆ ನಾಲ್ಕು ಸಲ ಅಗೀರಿ. ಚುರುಕ್ ಅಂದಾಗ ನಿಲ್ಸಿ, ಕೆನ್ನೆ ಮೂಲೇಲಿ ಇಟ್ಕೊಳ್ಳಿ. ಚುರುಕು ಹೋದ್ಮೇಲೆ ಮತ್ತೆ ಅಗೀರಿ. ಬಾಯಲ್ಲಿ ಗಮ್ ಇದ್ದಾಗ ಕಾಫಿ, ಟೀ ಬೇಡ."

"ಅಯ್ಯೋ, ನಮ್ಮಜ್ಜಿ ಕಾಳಮ್ಮ ಹೊಗೆಸೊಪ್ಪು ಇಟ್ಕೊಳ್ತಿದ್ದ ಹಂಗೆ!"

"ಹಂಗೇ. ಆದ್ರೆ ಅಜ್ಜಿ ಹೊಗೆಸೊಪ್ಪು ಮಾತ್ರ ಬೇಡ."

ಈ ಸಲ ಹೇಳಿದಂತೆ ಕೇಳಿದ. ಪ್ರತಿ ಬೆಳಿಗ್ಗೆ ತೋಳಿಗೆ ಹೊಸ ಪಟ್ಟಿ, ಆಸೆ ಎದ್ದಾಗ ಕೆನ್ನೆ ಮೂಲೆಗೆ ಗಮ್. ಆಸೆ ಹೋಯಿತೆಂದಲ್ಲ. ಬಿಡುವಿನ ಹೊತ್ತಿಗೆ ಬೆರಳುಗಳು ಏನನ್ನೋ ಹುಡುಕುತ್ತಿದ್ದವು. ಆದರೆ ತಲೆ ಕೆಡಿಸುತ್ತಿದ್ದ ಆ ಸಂಕಟ ತಗ್ಗಿತು, ನಿದ್ದೆ ಬಂತು, ಹೇಮಶ್ರೀಯ ಉಪ್ಪಿಟ್ಟು ಮೊದಲಿನಷ್ಟೇ ರುಚಿಯಾಯಿತು. ಉಳಿದದ್ದು ಬರೀ ಜಗಲಿಯ ಹಂಬಲ. ಅದಕ್ಕೆ ಪಟ್ಟಿಯೂ ಇರಲಿಲ್ಲ, ಗಮ್ಮೂ ಇರಲಿಲ್ಲ. ಒಂದು ದಿನ ಹಳೆಯ ಪ್ಯಾಕಿನ ಅರ್ಧಗಳನ್ನೆಲ್ಲ ಮೋರಿಗೆ ಸುರಿದ. ಸುರಿದ ಮೇಲೆ ಜಯನಿಗೆ ದ್ರೋಹ ಮಾಡಿದ ಹಾಗೆನಿಸಿ ಬಹಳ ಹೊತ್ತು ಅಲ್ಲೇ ನಿಂತಿದ್ದ.

ತಿಂಗಳು ಕಳೆದ ಮೇಲಿನ ಭಾನುವಾರ ಕಾಗದನಗರದ ಬಾಗಿಲಲ್ಲಿ ಕೇಳುವ ಮೊದಲೇ ಕೈ ಚಾಚಿದ. ಮಧುಶ್ರೀ ಬೆರಳು ಮೂಸಿದಳು. ಇನ್ನೊಂದು ಕೈಯನ್ನೂ ಮೂಸಿದಳು. ಪಕ್ಕಕ್ಕೆ ಸರಿದಳು.

ಜಯಕುಮಾರ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ, ಮೂಗಿನಲ್ಲಿ ನಳಿಕೆ. ಅರ್ಧಕ್ಕರ್ಧ ಇಳಿದುಹೋಗಿದ್ದ. ಗೆಳೆಯನ ಬಲಗೈ ಎಳೆದುಕೊಂಡು ಅವನೂ ಬೆರಳು ಮೂಸಿದ, ಬಹಳ ಹೊತ್ತು. "ಏನೂ ಇಲ್ವಲ್ಲೋ" ಎಂದ. ಕಣ್ಣಲ್ಲಿ ನೀರಿತ್ತು. ಪಾಪ, ವಾಸನೆಗಾದರೂ ಕಾದಿದ್ದನೇನೋ ಎನಿಸಿತು ಕಾಂತರಾಜನಿಗೆ. ಎದುರಿಗೆ ನಿಲ್ಲಲಾಗದೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದ.

ಮಧುಶ್ರೀ ಒಲೆಯ ಮೇಲೆ ಹಾಲಿಟ್ಟಿದ್ದಳು. ಬೆನ್ನು ತಿರುಗಿಸಿಯೇ ಹೇಳಿದಳು:

"ಬಾಗಿಲಲ್ಲಿ ನಿಲ್ಸಿದ್ದು ನಾನಲ್ಲ ಕಾಂತಣ್ಣ. ಅವ್ರು ಹೇಳ್ಸಿದ್ದು."

"ಯಾರು? ಜಯನಾ?"

"ಹೂಂ. ಆಸ್ಪತ್ರೇಲಿ ಪಕ್ಕದ ಹಾಸಿಗೇಲಿ ಇದ್ದೋರು ಇದೇ ಕಾಯಿಲೇಲಿ ತೀರ್ಕೊಂಡ್ರು. ಅವತ್ತೇ ಅಂದ್ರು, ನಂದು ಹೆಂಗೂ ಮುಗೀತು, ಕಾಂತ ಹಿಂಗಾಗ್ಬಾರ್ದು, ನನ್ನ ಬಿಟ್ಟು ಇರೋಕಾಗಲ್ಲ ಅವ್ನಿಗೆ, ಅದಕ್ಕಾದ್ರೂ ಸಿಗರೇಟು ಬಿಡ್ತಾನೆ ಅಂತ. ನಿಮ್ಮ ಕಣ್ಣಿಗೆ ಕೆಟ್ಟೋಳಾಗಿದ್ದು ನಾನು. ಅವ್ರು ಪ್ರತಿ ಭಾನುವಾರ ಆ ಕಿಟಕಿ ಹತ್ರ ಕುರ್ಚಿ ಹಾಕಿಸ್ಕೊಂಡು ಕೂತಿರ್ತಿದ್ರು. ನೀವು ವಾಪಸ್ ಹೋಗೋದ್ನ ತಿರುವಿನ ತನಕ ನೋಡೋರು. ಆಮೇಲೆ ಊಟ ಬೇಡ ಅನ್ನೋರು."

ಹಾಲು ಉಕ್ಕಿತು. ಇಬ್ಬರೂ ನೋಡಲಿಲ್ಲ.

ಕಾಂತರಾಜ್ ಕೋಣೆಗೆ ಬಂದು ಇನ್ನೊಂದು ಕುರ್ಚಿ ಎಳೆದು ಗೆಳೆಯನ ಬಲಕ್ಕೆ ಹಾಕಿಕೊಂಡು ಕೂತ. ಕಿಟಕಿಯ ದಂಡೆಯ ಮೇಲೆ ಆಸ್ಪತ್ರೆಯವರು ಜಯನಿಗೂ ಕೊಟ್ಟಿದ್ದ ಅದೇ ಗಮ್ಮಿನ ಪೊಟ್ಟಣ ಕಂಡಿತು, ಒಂದೆರಡು ಬಿಟ್ಟರೆ ಎಲ್ಲ ಹಾಗೇ ಇತ್ತು.

"ಯಾಕೋ ತಿಂದಿಲ್ಲ?"

"ಥೂ, ಉರಿ. ಬಿಕ್ಕಳಿಕೆ ಬರುತ್ತೆ ಮಾರಾಯ."

"ಅಡಿಕೆ ಅಗಿದಂಗೆ ಅಗಿದ್ಯಾ?"

"ಮತ್ತೆ ಇನ್ನೆಂಗೆ ಅಗೀತಾರೆ?"

ಕಾಂತರಾಜನಿಗೆ ನಗು ತಡೆಯಲಾಗಲಿಲ್ಲ. ಜಯಕುಮಾರನೂ ನಕ್ಕ, ಕೆಮ್ಮಿದ, ಮತ್ತೆ ನಕ್ಕ. ಕಾಂತರಾಜ್ ಒಂದು ಗಮ್ ಬಿಡಿಸಿದಾಗ ಹಳೆಯ ಚಾಳಿಯಂತೆ ಜಯನ ಕೈ ಮುಂದೆ ಬಂತು.

"ನನ್ನರ್ಧ ಕೊಡು."

"ಇದನ್ನ ಅರ್ಧ ಮಾಡಲ್ಲ. ಪೂರ್ತಿ ನಿಂದೇ."

ಸ್ಫೂರ್ತಿ ಹೇಳಿದ ಕ್ರಮವನ್ನೆಲ್ಲ ಗೆಳೆಯನಿಗೆ ಒಪ್ಪಿಸಿ, ಕಾಂತರಾಜ್ ತಾನೂ ಒಂದನ್ನು ಕೆನ್ನೆಗಿಟ್ಟುಕೊಂಡ. ಮಧುಶ್ರೀ ಕಾಫಿ ತಂದಳು. ಇಬ್ಬರೂ ಒಟ್ಟಿಗೇ ಬೇಡವೆಂದು ಕೈ ಅಲ್ಲಾಡಿಸಿದರು. ಒಂದೊಂದು ಕೆನ್ನೆ ಉಬ್ಬಿಸಿಕೊಂಡು, ಕಿಟಕಿಯಾಚೆಯ ರಸ್ತೆಯನ್ನು ತಿರುವಿನ ತನಕ ನೋಡುತ್ತಾ ಕೂತರು. ರಸ್ತೆಯಲ್ಲಿ ಯಾರೂ ವಾಪಸ್ ಹೋಗುತ್ತಿರಲಿಲ್ಲ.